ಏಳೇ ಖುರ್ಚಿ ಬಾಕಿ

ತಾವಿಯ ಬ್ಲಾಗನ್ನು ತಪ್ಪದೆ ಓದುತ್ತಿದ್ದವರು ಇಬ್ಬರೇ: ಒಬ್ಬ ಸ್ವತಃ ತಾವಿ, ಇನ್ನೊಬ್ಬಳು ತಪ್ಪು ಹುಡುಕಲೆಂದೇ ಓದುವ ಅವನ ಹೆಂಡತಿ ಮಾರ್ಚೆಲಾ. ಬ್ರಯಿಲಾ ಪಟ್ಟಣದ ಆ ಎತ್ತರದ ಕಟ್ಟಡದ ನಿವಾಸಿಗಳ ಸಂಘಕ್ಕೆ ತಾವಿ ಕಾರ್ಯದರ್ಶಿ. 'ಲಿಫ್ಟ್ ದುರಸ್ತಿಗಾಗಿ ಸಭೆ' ಎಂದು ಸಂಘದ ಆ ಬ್ಲಾಗಿನಲ್ಲಿ ಮೂರು ಸಲ ಹಾಕಿದ್ದ. ಮೂರು ಸಲವೂ ಐದಾರು ಜನ ಬಂದು, ಅರ್ಧದಷ್ಟು ಮನೆಯವರೂ ಸೇರಲಿಲ್ಲವೆಂದು ಸಭೆ ಮುರಿದುಬಿತ್ತು.

ಮಾರ್ಚೆಲಾ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಎಂಟನೇ ಮಹಡಿ ಸೇರಿದ ಮರುದಿನವೇ ಲಿಫ್ಟು ಕೆಟ್ಟಿತ್ತು. ಆಗಲೇ ಒಂದು ತಿಂಗಳು. ಬಾಲ್ಕನಿಯಿಂದ ದಾನ್ಯೂಬ್ ನದಿ ಕಾಣುತ್ತಿತ್ತು, ನಿಜ. ಆದರೆ ಪಾಪ, ನದಿಯ ಜೊತೆ ಎಷ್ಟಂತ ಹರಟೆ ಹೊಡೆಯುತ್ತಾಳೆ?

ನಾಲ್ಕನೇ ಸಭೆಯ ದಿನ ಬೆಳಿಗ್ಗೆ ತಾವಿಯ ಅಕ್ಕನ ಮಗಳು ಸ್ಮರಾಂಡಾ ಬಂದಳು. ಮನಃಶಾಸ್ತ್ರ ಓದುವ ಹುಡುಗಿ.

"ಮಾವ, ಇದು ಬ್ಲಾಗಾ, ಶ್ರದ್ಧಾಂಜಲಿ ಬೋರ್ಡಾ? ಸುಮ್ನೆ ಬನ್ನಿ ಅಂದ್ರೆ ಯಾರೂ ಬರಲ್ಲ. ಕೈತಪ್ಪಿ ಹೋಗುತ್ತೆ ಅಂದ್ರೆ ನೋಡಿ, ಎದ್ದೂ ಬಿದ್ದೂ ಓಡಿ ಬರ್ತಾರೆ."

ಅರ್ಧ ಗಂಟೆಯಲ್ಲಿ ಬ್ಲಾಗಿನ ಬೂದು ಬಣ್ಣ ಹೋಗಿ 'ಬರುತ್ತೇನೆ' ಎಂದು ಒತ್ತಲು ದೋಸೆಯಗಲದ ಕಿತ್ತಳೆ ಗುಂಡಿ ಬಂತು. ಪಕ್ಕದಲ್ಲಿ, ಕತ್ತು ಹೊರಳಿಸಿ ಆ ಗುಂಡಿಯನ್ನೇ ನೋಡುತ್ತಿರುವ ತಾವಿಯ ಫೋಟೋ. "ಫೋಟೋದ ಮುಖ ಎತ್ತ ನೋಡುತ್ತೋ ಓದೋರ ಕಣ್ಣೂ ಅತ್ತಲೇ ಹೋಗುತ್ತೆ" ಎಂದಳು. ಕೆಳಗೆ ಕೆಂಪಕ್ಷರದಲ್ಲಿ: 'ಸಭೆಗೆ ಏಳೇ ಖುರ್ಚಿ ಬಾಕಿ!'

"ಖುರ್ಚಿ ಯಾರು ಕೇಳಿದ್ರೇ? ಸೈಕಲ್ ಕೋಣೇಲಿ ಎಲ್ಲ ನಿಂತ್ಕೋತಾರೆ."

"ಏಳು ಇದೆ ತಾನೆ?"

"ಇದೆ. ಎರಡಕ್ಕೆ ಕಾಲು ಅಲ್ಲಾಡತ್ತೆ."

"ಹಾಗಾದ್ರೆ ಸುಳ್ಳೇನಲ್ಲ."

ಬ್ರೆಡ್ ತರಲು ಕೆಳಗಿಳಿದ ತಾವಿಯನ್ನು ನೆಲಮಹಡಿಯ ವಿಯೋರಿಕಾ ಆಂಟಿ ಮೆಟ್ಟಿಲ ಬುಡದಲ್ಲೇ ಹಿಡಿದಳು. "ಅಯ್ಯೋ, ಕತ್ತು ಹೀಗೆ ಉಳುಕಿಸ್ಕೊಂಡು ಫೋಟೋ ಯಾಕಪ್ಪಾ ಹಾಕ್ದೆ?" ಎನ್ನುತ್ತ ಅವನ ಕತ್ತಿಗೆ ವಿನೆಗರ್ ತಿಕ್ಕಿಯೇ ಬಿಟ್ಟಳು. ತಿಕ್ಕಿದ ಋಣಕ್ಕೆ ಮುಂದಿನ ಸಾಲಿನ ಖುರ್ಚಿಯೊಂದನ್ನು ಬರೆಸಿಕೊಂಡಳು.

ಸುದ್ದಿ ತಾವಿಗಿಂತ ಬೇಗ ಮೆಟ್ಟಿಲು ಹತ್ತಿತ್ತು. ಮೂರನೇ ಮಹಡಿಯಲ್ಲಿ ನಿವೃತ್ತ ಟ್ರಾಮ್ ಚಾಲಕ ಪಾಂದೆಲೆ ಅಡ್ಡ ನಿಂತಿದ್ದ.

"ಆ ಮುದುಕಿಗೆ ಖುರ್ಚಿಯಂತೆ! ಜೀವಮಾನವೆಲ್ಲ ಟ್ರಾಮ್ ಓಡಿಸಿದ ನನ್ನ ಸೊಂಟಕ್ಕೇನು, ನಿನ್ನ ಕಿತ್ತಳೆ ಗುಂಡಿಯಾ?"

ಅವನಿಗೂ ಒಂದು. ಐದರಲ್ಲಿ ಬಸುರಿಗೊಂದು, ಆರರಲ್ಲಿ ಬಸುರಿಯ ಅತ್ತೆಗೊಂದು. ಏದುಸಿರು ಬಿಡುತ್ತ ಎಂಟನೆಯದನ್ನು ಮುಟ್ಟುವ ಹೊತ್ತಿಗೆ ತಾವಿ ಏಳು ಖುರ್ಚಿಯಲ್ಲಿ ಹತ್ತೊಂಬತ್ತನ್ನು ಹಂಚಿಯಾಗಿತ್ತು.

ಸಂಜೆ ಆರಕ್ಕೆ ಸೈಕಲ್ ಕೋಣೆ, ಉಪ್ಪಿಗೆ ಹಾಕಿದ ಕೋಸಿನ ಪೀಪಾಯಿಯ ಹಾಗೆ ಗಿಡಿದುಹೋಗಿತ್ತು. ನಲವತ್ತು ಮನೆಗೆ ನಲವತ್ತೂ ಹಾಜರು! ತಾವಿ ಫೋನ್ ತೆಗೆದ. 'ಇನ್ನೊಂದು ವಾರ, ಆಮೇಲೆ ಪಾರ್ಕಿಗೆ!' ಎಂದು ಮಾರ್ಚೆಲಾಗೆ ಸಂದೇಶ ಕಳಿಸಿದ. ಒಂದೇ ಖುರ್ಚಿಯ ಮೇಲೆ ವಿಯೋರಿಕಾ ಅರ್ಧ, ಪಾಂದೆಲೆ ಅರ್ಧ ಕೂತು, ಮೊಣಕೈಯಲ್ಲಿ ಗಡಿ ಕಾಯುತ್ತಿದ್ದರು.

"ಮೊದಲನೇ ವಿಷಯ, ಲಿಫ್ಟು," ಎಂದ ತಾವಿ.

"ಲಿಫ್ಟು ಇರ್ಲಿ, ಅದೇನು ಓಡಿ ಹೋಗುತ್ತಾ?" ಪಾಂದೆಲೆ ಗುಡುಗಿದ. "ನಲವತ್ತು ಮನೆಗೆ ಏಳು ಖುರ್ಚಿ! ಊರಿಗೆಲ್ಲ ಕಾಣೋ ಹಾಗೆ ಕೆಂಪಕ್ಷರದಲ್ಲಿ ಬರೆದಿದ್ದೀಯಲ್ಲ, ಮಾನ ಉಳೀತೇನಯ್ಯ?"

"ಅದು ಮನಃಶಾಸ್ತ್ರ, ಪಾಂದೆಲೆಯವರೇ!"

"ಯಾವ ಶಾಸ್ತ್ರವಾದ್ರೂ ನಿಂತ್ಕೊಂಡೇ ಕೇಳ್ಬೇಕಾ?"

ಜೀವನದಲ್ಲಿ ಮೊದಲ ಸಲ ವಿಯೋರಿಕಾ ಅವನ ಮಾತಿಗೆ ತಲೆದೂಗಿದಳು. ಸಂಘದ ನಿಧಿಯಲ್ಲಿದ್ದ ಹಣ ಲಿಫ್ಟು, ಹೊಸ ಖುರ್ಚಿ ಎರಡರಲ್ಲೊಂದಕ್ಕೆ ಮಾತ್ರ ಸಾಕು. ದಿನವಿಡೀ ಖುರ್ಚಿಗಾಗಿ ಕಾದಾಡಿದ ರೋಷ ಇನ್ನೂ ಇಳಿದಿರಲಿಲ್ಲ. ಮೇಲಿನ ಮಹಡಿಯವರೂ ಸೇರಿ, ತಾವಿಯದೊಂದು ಬಿಟ್ಟು ಮೂವತ್ತೊಂಬತ್ತು ಕೈಗಳು ಖುರ್ಚಿಯ ಪರ ಮೇಲೆದ್ದವು. ನಲವತ್ತು ಹೊಸ ಖುರ್ಚಿ ಈ ವರ್ಷ, ಲಿಫ್ಟು ಬರುವ ವರ್ಷ. ಎಲ್ಲರೂ ಹಾಜರಿದ್ದರಿಂದ ಠರಾವಿನಲ್ಲಿ ಒಂದು ಕೂದಲೆಳೆಯ ಲೋಪವೂ ಇರಲಿಲ್ಲ.

"ಮಾವ, ನೂರಕ್ಕೆ ನೂರು ಹಾಜರಿ!" ಸ್ಮರಾಂಡಾ ಪಿಸುಗುಟ್ಟಿದಳು.

"ಅಷ್ಟು ಖುರ್ಚಿ ಇಡೋದೆಲ್ಲಿ?" ಹಿಂದಿನಿಂದ ಯಾರೋ ಕೇಳಿದರು. "ಇಲ್ಲಿಟ್ರೆ ಸೈಕಲ್‌ಗೆ ಜಾಗ ಬೇಡ್ವಾ?"

"ಒಂಬತ್ತರಲ್ಲಿ ಬಟ್ಟೆ ಒಣಗಿಸೋ ಕೋಣೆ ಖಾಲಿ ಬಿದ್ದಿದೆಯಲ್ಲ," ಎಂದಳು ವಿಯೋರಿಕಾ ಆಂಟಿ. "ತಾವಿ ಹೊತ್ಕೊಂಡು ಹೋಗಿ ಇಡ್ತಾನೆ ಬಿಡಿ. ಎಂಟರಲ್ಲೇ ಮನೆ, ಅವನಿಗೇ ಹತ್ತಿರ."