ನನ್ನ ರೇಸ್ ಗಾಡಿ ಹಗುರಾದ ಬಗೆ

ಇಂಡಿ ತಾಲೂಕು ಇದುವರೆಗೆ ನಾಡಿಗೆ ನಿಂಬೆಹಣ್ಣು ಕೊಟ್ಟಿದೆ. ಇನ್ನು ಮೇಲೆ ಒಬ್ಬ ರೇಸ್ ಡ್ರೈವರನನ್ನೂ ಕೊಡಲಿದೆ! ಹೀಗೆಂದು ನಾನು, ನಿಂಬೆ ವ್ಯಾಪಾರಿ ಸಂಜೀವಕುಮಾರ, ವಯಸ್ಸು ನಲವತ್ತಾರು, ತೂಕ ತೊಂಬತ್ತೊಂದು ಕಿಲೋ, ಒಂದು ಮಟಮಟ ಮಧ್ಯಾಹ್ನ ನಮ್ಮ ಪಡಸಾಲೆಯ ನಡುವೆ ನಿಂತು ಘೋಷಿಸಿದೆ. ಕೇಳಲು ಇದ್ದವರು ಇಬ್ಬರೇ. ಜೋಳ ಹಸನು ಮಾಡುತ್ತಿದ್ದ ನಮ್ಮವ್ವ ಸಿದ್ದವ್ವ ಮತ್ತು ಶಾಲೆಯ ಮಕ್ಕಳ ಗಣಿತದ ಪೇಪರು ತಿದ್ದುತ್ತಿದ್ದ ನನ್ನ ಹೆಂಡತಿ ಸುವರ್ಣಾ.

"ಮೊನ್ನೆ ಕೊಟ್ಟಿದ್ದು ಸಾಲಲಿಲ್ಲೇನ್ರಿ?" ಎಂದಳು ಸುವರ್ಣಾ, ತಲೆ ಎತ್ತದೆ.

ಮೊನ್ನೆಯದನ್ನೂ ಹೇಳಿಬಿಡುತ್ತೇನೆ. ನಿಡಗುಂದಿ ಹತ್ತಿರದ ಬಯಲಿನಲ್ಲಿ ನಮ್ಮ ಸೀಮೆಯ ಹವ್ಯಾಸಿಗಳು ಸೇರಿ ಕಾರ್ ರೇಸ್ ಇಟ್ಟಿದ್ದರು. ಒಬ್ಬೊಬ್ಬರಾಗಿ ಓಡಿಸಬೇಕು, ಪೈಪೋಟಿ ಗಡಿಯಾರದ ಜೊತೆ. ದಾರಿಯುದ್ದಕ್ಕೂ ಕೆಂಪು ಕೋನುಗಳನ್ನು ಇಟ್ಟಿರುತ್ತಾರೆ, ಒಂದು ಕೋನು ಬಿದ್ದರೆ ಐದು ಸೆಕೆಂಡು ದಂಡ. ನಾನು ಒಂದು ನಿಮಿಷ ನಲವತ್ತೈದು ಸೆಕೆಂಡಿಗೆ ಗೆರೆ ದಾಟಿದೆ. ಬೀಳಿಸಿದ್ದು ಏಳು ಕೋನು. ದಂಡ ಸೇರಿ ಎರಡು ನಿಮಿಷ ಇಪ್ಪತ್ತು ಸೆಕೆಂಡು! ಅಷ್ಟಕ್ಕೇ ಮುಗಿದಿದ್ದರೆ ಮಾನ ಉಳಿಯುತ್ತಿತ್ತು. ಗೆರೆ ದಾಟಿದ ಖುಷಿಯಲ್ಲಿ ಬ್ರೇಕ್ ಹಾಕುವುದನ್ನು ಮರೆತು ಗಾಡಿಯನ್ನು ಟೈರುಗಳ ರಾಶಿಗೆ ನುಗ್ಗಿಸಿದೆ. ಮುದ್ದೇಬಿಹಾಳದ ಧೂಳಪ್ಪ ಹೆಸರಿಗೆ ತಕ್ಕಂತೆ ಧೂಳೆಬ್ಬಿಸಿ ಮೊದಲನೆಯವನಾದ. ನಾನು ಆ ಧೂಳು ಕುಡಿದು ಹದಿನಾಲ್ಕನೆಯವನಾದೆ. ಓಡಿಸಿದವರು ಹದಿನಾಲ್ಕೇ ಜನ!

ಮುಂದಿನ ರೇಸಿಗೆ ಆರು ವಾರ ಉಳಿದಿತ್ತು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಗಾಡಿ ಮೂತಿ ಚಪ್ಪಟೆ ಮಾಡಿಕೊಂಡು ನಿಂತಿತ್ತು. ರೇಡಿಯೇಟರ್ ಸೋರುತ್ತಿತ್ತು. ಮುಂದಿನ ಎಡಗಾಲಿ ಬಲಗಾಲಿಯ ಜೊತೆ ಮಾತು ಬಿಟ್ಟಂತೆ ಬೇರೆ ಕಡೆ ನೋಡುತ್ತಿತ್ತು. ಸಿಂದಗಿಯ ನಿವೃತ್ತ ಹೆಡ್‌ಮಾಸ್ತರರೊಬ್ಬರಿಂದ ಕೊಂಡ ಇಪ್ಪತ್ತೆರಡು ವರ್ಷದ ಬಿಳಿ ಕಾರು ಅದು. ಅವರ ಕೈಯಲ್ಲಿ ಒಮ್ಮೆಯೂ ನಾಲ್ಕನೇ ಗೇರ್ ಕಂಡಿರಲಿಲ್ಲವಂತೆ. ಅಂಥ ಸಾಧು ಗಾಡಿಗೆ ನಾನು ಜಗತ್ತು ತೋರಿಸಲು ಹೊರಟಿದ್ದೆ.

"ಈ ಸಲ ಎರಡ ನಿಮಿಷದೊಳಗ ಬಂದ ತೋರಸ್ತೇನಿ!" ಎಂದೆ.

"ಬರಲಿಲ್ಲಂದ್ರ?"

"ಬರಲಿಲ್ಲಂದ್ರ ಗಾಡಿ ಗುಜರಿಗೆ!"

ಬಾಯಿ ಜಾರಿಬಿಟ್ಟಿತು. ಸುವರ್ಣಾ ಕೆಂಪು ಪೆನ್ನು ಕೆಳಗಿಟ್ಟಳು. "ಅತ್ತಿ, ಕೇಳಿದ್ರಿಲ್ಲ? ನೀವ ಸಾಕ್ಷಿ."

"ಕೇಳೇನವಾ," ಎಂದಳು ನಮ್ಮವ್ವ. "ಸಂಜ್ಯಾ, ಗುಜರಿಯಂವ ಬಂದ್ರ ಆ ತೂತಬಿದ್ದ ಕೊಪ್ಪರಗಿನೂ ಕೊಟ್ಟ ಬಿಡಪಾ."

ಹೀಗೆ ನನ್ನ ಬಾಳಿನ ಕನಸು ಹೋಗಿ ತೂತು ಕೊಪ್ಪರಿಗೆಯ ಸಾಲಿನಲ್ಲಿ ನಿಂತಿತು.

ಕನಸು ಎಂದೆನಲ್ಲ, ಅದನ್ನು ನಾನು ಹಗಲೇ ಕಾಣುವವನು. ಊಟ ಮುಗಿಸಿ, ಮುರಿದ ಗಾಡಿಯ ಒಳಗೆ ಕುಳಿತು, ಸ್ಟೇರಿಂಗ್ ಹಿಡಿದು ಕಣ್ಣು ಅರೆ ಮುಚ್ಚಿದರೆ ಸಾಕು. ಪಕ್ಕದ ಗೋದಾಮಿನಿಂದ ನಿಂಬೆಯ ವಾಸನೆ ತೇಲಿ ಬರುತ್ತದೆ. ತಗಡಿನ ಸಂದಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಧೂಳು ತಿರುಗುತ್ತದೆ. ಮೆಲ್ಲಗೆ ಶೆಡ್ಡು ಕರಗಿ ಹೋಗುತ್ತದೆ. ಎಡಕ್ಕೆ ಆಲಮಟ್ಟಿಯ ಹಿನ್ನೀರು, ನೀಲಿ, ಕೊನೆಯೇ ಇಲ್ಲ. ಬಲಕ್ಕೆ ಸೂರ್ಯಕಾಂತಿಯ ಹೊಲ, ಲಕ್ಷ ಮುಖಗಳೂ ನನ್ನ ಕಡೆಗೇ! ನಾನು ಹೋಗುತ್ತಲೇ ಇರುತ್ತೇನೆ, ಗಾಲಿ ನೆಲಕ್ಕೆ ತಾಗಿದ್ದೇ ತಿಳಿಯುವುದಿಲ್ಲ.

ಇಂಥ ಹೊತ್ತಿನಲ್ಲೇ ಒಂದು ದಿನ ನಮ್ಮ ಅಂಗಡಿಯ ಹಮಾಲ ಯಂಕಪ್ಪ ಬಂದು ಕೇಳಿದನಂತೆ, "ಸಾವ್ಕಾರ್ರ, ಹಣ್ಣಿನ ಚೀಲ ಎಲ್ಲಿ ಇಳಸೂನ್ರಿ?"

"ಮೂರನೇ ಗೇರಿಗೆ ಇಳಸು!" ಎಂದೆನಂತೆ ನಾನು.

ಪಾಪ, ಯಂಕಪ್ಪ ಗೋದಾಮಿನಲ್ಲೆಲ್ಲ ಮೂರನೇ ಗೇರು ಹುಡುಕಿದ್ದಾನೆ.

ಮೊಬೈಲಿನಲ್ಲಿ ರೇಸಿನ ವಿಡಿಯೋ ನೋಡಿ ನೋಡಿ ನಾನೊಂದು ಗುಟ್ಟು ಕಂಡುಕೊಂಡಿದ್ದೆ. ಗಾಡಿ ಹಗುರ ಇದ್ದಷ್ಟೂ ಓಟ ಜಾಸ್ತಿ! ತಗೋ, ಕಿತ್ತುಹಾಕುವ ಕಾರ್ಯ ಶುರು. ಹಿಂದಿನ ಸೀಟು ಬಂತು, ಕಾಲಡಿಯ ಹಾಸು ಬಂತು, ರೇಡಿಯೋ ಬಂತು, ಬಾಗಿಲ ಒಳಗಿನ ಅಲಂಕಾರವೆಲ್ಲ ಬಂತು. ಕಿತ್ತದ್ದನ್ನೆಲ್ಲ ನಿಂಬೆ ತೂಗುವ ಕಾಟಾದ ಮೇಲಿಟ್ಟು ತೂಕ ಬರೆದುಕೊಂಡೆ. ಹಿಂದಿನ ಸೀಟು ಪಡಸಾಲೆ ಸೇರಿತು. ನಮ್ಮವ್ವ ಅದರ ಮೇಲೆ ಕುಳಿತು ಎರಡು ಸಲ ಕುಪ್ಪಳಿಸಿ ನೋಡಿದಳು.

"ಭಾಳ ಮೆತ್ತಗೈತಿ. ಮುಂದಿನದೂ ಕಿತ್ತ ಕೊಡೋ, ಬೀಗ್ರ ಬಂದ್ರ ಕುಂದರಾಕ ಆಗ್ತೈತಿ."

"ಎವ್ವಾ, ಅದನ್ನೂ ಕಿತ್ರ ನಾ ಎಲ್ಲಿ ಕುಂದರ್ಲಿ?"

ಸುವರ್ಣಾ ಗಾಡಿಯೊಳಗೆ ಇಣುಕಿದಳು. ಬರೀ ತಗಡು. "ಎಲ್ಲಾ ತೂಕದ್ದೂ ತಗದ್ರೇನ್ರಿ?"

"ಎಲ್ಲಾ! ಒಂದ ಮೊಳಿ ಸುದ್ದಾ ಹೆಚ್ಚಿಂದ ಇಲ್ಲ."

"ತೊಂಬತ್ತೊಂದ ಕಿಲೋದ್ದ ಒಂದ ಸಾಮಾನ ಮರತೀರಿ. ಸ್ಟೇರಿಂಗ್ ಹಿಂದ ಕುಂದರ್ತೈತಿ ನೋಡ್ರಿ, ಅದು."

ಅಂದಿನಿಂದ ನನ್ನ ತಾಟಿನಲ್ಲಿ ಐದು ರೊಟ್ಟಿ ಇದ್ದದ್ದನ್ನು ನಾನೇ ಎರಡಕ್ಕಿಳಿಸಿದೆ. ಮಾರನೆಯ ದಿನವೇ ಮನೆಯಲ್ಲಿ ಶೇಂಗಾ ಹೋಳಿಗೆ! ಇದು ಕಾಕತಾಳೀಯವೆಂದು ನೀವು ನಂಬಬಹುದು, ನಾನು ನಂಬಲಾರೆ. ತೂಕ ಅರ್ಧ ಕಿಲೋ ಏರಿತು.

ರಿಪೇರಿಯನ್ನೂ ನಾನೇ ಮಾಡುವ ಹಟ ನನ್ನದು. ರೇಡಿಯೇಟರಿನ ನೀರು ಕಾದಾಗ ತಾನಾಗಿ ತೆರೆದುಕೊಳ್ಳುವ ಹಿತ್ತಾಳೆಯ ಪುಟ್ಟ ಬಾಗಿಲೊಂದು ಇರುತ್ತದೆ, ಥರ್ಮೋಸ್ಟಾಟ್ ಎನ್ನುತ್ತಾರೆ. ಅದು ಸರಿ ಇದೆಯೋ ಇಲ್ಲವೋ ನೋಡಲು ಕುದಿವ ನೀರಿಗೆ ಹಾಕಬೇಕು. ಮನೆಯಲ್ಲಿ ಯಾರೂ ಕಾಣಲಿಲ್ಲ. ಒಲೆಯ ಮೇಲಿನ ಪಾತ್ರೆಯ ನೀರಿಗೆ ಅದನ್ನು ಇಳಿಬಿಟ್ಟು ನೋಡುತ್ತ ನಿಂತೆ. ಗುಳ್ಳೆ ಏಳತೊಡಗಿದವು. ಬಾಗಿಲು ಮೊಗ್ಗಿನಂತೆ ಮೆಲ್ಲಗೆ ಬಿರಿಯಿತು. ಆಹಾ! ಅಷ್ಟೇ, ನಾನು ಮತ್ತೆ ಹಿನ್ನೀರಿನ ದಂಡೆಗೆ ಹೋಗಿಬಿಟ್ಟೆ. ಕಾಲು ತಾನಾಗಿ ಶೆಡ್ಡಿಗೆ ನಡೆಯಿತು.

ತಿರುಗಿ ಎಚ್ಚರವಾದದ್ದು ನಮ್ಮವ್ವನ ಕೂಗಿಗೆ. ಕಣ್ಣು ಮಂಜಾದ ಮುದುಕಿ, ನೀರು ಕುದಿಯುತ್ತಿದೆಯೆಂದು ಸಕ್ಕರೆ, ಚಾ ಪುಡಿ ಸುರಿದಿದ್ದಾಳೆ. ಸೋಸುವಾಗ ಜಾಳಿಗೆಗೆ ಠಣ್ಣೆಂದು ಏನೋ ಬಿದ್ದಿದೆ.

"ಸುವರ್ಣಾ, ಯಾಲಕ್ಕಿ ಇಷ್ಟ ದೊಡ್ಡು ಯಾವ ಅಂಗಡ್ಯಾಗ ಸಿಗ್ತಾವ ಬೇ?"

ಚಾ ಪೂರ್ತಿ ಗಟಾರಕ್ಕೆ ಹೋಯಿತು, ಅದರ ಹಿಂದೆ ಪಾತ್ರೆಯೂ ಹೋಯಿತು. ನನಗೆ ಅಡುಗೆಮನೆಯ ಹೊಸ್ತಿಲು ಬಂದ್ ಆಯಿತು. "ನಾಳೆ ಬೆಳಗಾಗೂದ್ರಾಗ ಗಾಡಿ ಯುನೂಸನ ಗ್ಯಾರೇಜಿಗೆ ಹೋಗಬೇಕು!" ಎಂದು ಸುವರ್ಣಾ ಆಜ್ಞೆ ಹೊರಡಿಸಿದಳು.

ಯುನೂಸ ಇಂಡಿಯ ಸ್ಟೇಷನ್ ರೋಡಿನ ಮೆಕ್ಯಾನಿಕ್. ಕೆಲಸದಲ್ಲಿ ಚೊಕ್ಕ, ಮಾತಿನಲ್ಲಿ ಕಡಿಮೆ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಎರಡು ವಾರದಲ್ಲಿ ಗಾಲಿಗಳನ್ನು ಮತ್ತೆ ಮಾತಾಡಿಸಿದ, ರೇಡಿಯೇಟರ್ ಬೆಸೆದ, ಮೂತಿ ತಟ್ಟಿ ನೆಟ್ಟಗೆ ಮಾಡಿದ. ಕೊನೆಗೆ ನಾನು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದೆ:

"ಯುನೂಸಭಾಯ್, ಉಳಿದಿದ್ದ ಏನರೆ ಇರ್ಲಿ. ಗಾಡಿ ಹಗುರ ಆಗಬೇಕು."

"ಹಗುರ್ರಿ?"

"ಹಗುರ! ಎಷ್ಟ ಆಗ್ತೈತಿ ಅಷ್ಟ ಹಗುರ!"

ಅವನು ನನ್ನ ಮುಖವನ್ನೇ ನೋಡಿದ. ಆ ನೋಟದಲ್ಲಿ ಮರುಕ ಇತ್ತು. ಅದೇಕೆಂದು ನನಗೆ ಆಗ ಹೊಳೆಯಲಿಲ್ಲ.

"ಅಕ್ಕಾರೂ ನಿನ್ನೆ ಸಾಲಿ ಬಿಟ್ಟ ಮ್ಯಾಲೆ ಬಂದು ಅದನ್ನ ಹೇಳಿ ಹೋಗ್ಯಾರ್ರಿ ಸಾವ್ಕಾರ್ರ. ಹಗುರ ಮಾಡಂತ. ನೀವೇನ ಕಾಳಜಿ ಮಾಡಬ್ಯಾಡ್ರಿ."

ಸುವರ್ಣಾ! ಮೇಲೆ ಬೈಯುತ್ತ, ಒಳಗೊಳಗೇ ನನ್ನ ಗೆಲುವಿಗೆ ದುಡಿಯುತ್ತಿದ್ದಾಳೆ! ಅಂದು ಮಧ್ಯಾಹ್ನದ ಕನಸಿನಲ್ಲಿ ಹಿನ್ನೀರಿನ ದಂಡೆಯ ಮೇಲೆ ಬಾವುಟ ಹಿಡಿದು ನಿಂತವಳು ಅವಳೇ.

ರೇಸಿನ ಭಾನುವಾರ ಗಾಡಿಯನ್ನು ಗ್ಯಾರೇಜಿನಿಂದಲೇ ಟೆಂಪೋಕ್ಕೆ ಏರಿಸಿ, ಬಸವನ ಬಾಗೇವಾಡಿ ದಾಟಿ ನಿಡಗುಂದಿ ಬಯಲು ಮುಟ್ಟಿದೆವು. ನಾನು, ಸುವರ್ಣಾ, ಯುನೂಸ, ಹಿಂದೆ ಗಾಡಿ ಹಿಡಿದುಕೊಂಡು ಯಂಕಪ್ಪ. ಓಡಿಸಿ ನೋಡಲು ಹೊತ್ತಿರಲಿಲ್ಲ. ನಾನು ಹೆಲ್ಮೆಟ್ ಹಾಕಿಕೊಳ್ಳುವಾಗ ಸುವರ್ಣಾ ಹತ್ತಿರ ಬಂದಳು. ಪಟ್ಟಿಯನ್ನು ಎಳೆದು ಬಿಗಿದಳು, ಇನ್ನೊಮ್ಮೆ ಎಳೆದು ನೋಡಿದಳು.

ಬಾವುಟ ಬಿತ್ತು. ಕಾಲು ಪೂರ್ತಿ ಒತ್ತಿದೆ.

ಆಗ ಅದು ಸಂಭವಿಸಿತು! ದೊಡ್ಡ ದೊಡ್ಡ ಡ್ರೈವರರು ಹೇಳುತ್ತಾರಲ್ಲ, ಮನಸ್ಸು ಪೂರ್ತಿ ನೆಟ್ಟಾಗ ಸುತ್ತಲಿನ ಜಗತ್ತೆಲ್ಲ ನಿಧಾನವಾಗುತ್ತದೆ ಎಂದು? ಆ ಸ್ಥಿತಿ ನನಗೆ ಮೊದಲ ತಿರುವಿನಲ್ಲೇ ಸಿದ್ಧಿಸಿಬಿಟ್ಟಿತು. ಕೋನುಗಳು ಒಂದೊಂದಾಗಿ ಬಂದು, ನಮಸ್ಕಾರ ಹೇಳಿ, ಪಕ್ಕಕ್ಕೆ ಸರಿದವು. ದೂರದಲ್ಲಿ ಹಿನ್ನೀರು ಹೊಳೆಯುತ್ತಿತ್ತು. ಒಂದು ಬೆಳ್ಳಕ್ಕಿ ಎದ್ದು, ರೆಕ್ಕೆ ಬಿಚ್ಚಿ, ನನ್ನ ಜೊತೆಜೊತೆಗೇ ಸ್ವಲ್ಪ ದೂರ ಹಾರಿ, ಬೇಸರ ಬಂದವರಂತೆ ಮುಂದೆ ಹೋಯಿತು. ಜನರ ಮುಖಗಳೂ ಸ್ಪಷ್ಟವಾಗಿ ಕಂಡವು. ಒಬ್ಬ ಗಿರಮಿಟ್ ತಿನ್ನುತ್ತಿದ್ದ. ಅದರ ಮೇಲೆ ಉಳ್ಳಾಗಡ್ಡಿ ಇತ್ತು! ಇಂಜಿನ್ ಗರ್ಜಿಸಲಿಲ್ಲ, ಗುನುಗಿತು. ಗಾಡಿ ಹಗುರಾಗಿದೆಯಲ್ಲ, ಗರ್ಜಿಸುವ ಕಷ್ಟ ಯಾಕೆ ಎಂದುಕೊಂಡೆ. ನನ್ನ ಕನಸಿಗೂ ಈ ಓಟಕ್ಕೂ ನಡುವೆ ಎಳೆಯಷ್ಟೂ ಅಂತರ ಉಳಿಯಲಿಲ್ಲ. ಬದುಕಿನಲ್ಲಿ ಇಂಥ ಸುಖ ನಾನು ಪಟ್ಟಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಗೆರೆ ದಾಟಿದೆ. ಬ್ರೇಕ್ ಹಾಕಿದೆ. ಗಾಡಿ ನಿಂತಿತು.

"ಒಂದು ನಿಮಿಷ ಐವತ್ತೆಂಟು ಸೆಕೆಂಡು!" ಎಂದು ಮೈಕು ಕೂಗಿತು. "ಕೋನು, ಸೊನ್ನೆ!"

ಎರಡು ನಿಮಿಷದ ಒಳಗೆ! ಎರಡು ಸೆಕೆಂಡು ಉಳಿಸಿ ಬಂದಿದ್ದೆ! ಗಾಡಿ ಉಳಿಯಿತು! ಯಂಕಪ್ಪ ಟವೆಲ್ ಬೀಸಿ ಕುಣಿದ. ಉಳಿದವರು ಅವಸರದಲ್ಲಿ ರಾಶಿ ರಾಶಿ ಕೋನು ಉರುಳಿಸಿ ದಂಡ ತೆತ್ತಿದ್ದರಿಂದ ನಾನು ಆರನೆಯವನಾದೆ. ಮೇಲಿಂದ 'ಅತಿ ಹೆಚ್ಚು ಸುಧಾರಿಸಿದ ಡ್ರೈವರ್' ಎಂಬ ಬಹುಮಾನ ಬೇರೆ. ಎರಡು ಮಾತು ಆಡಿರೆಂದು ಕೈಗೆ ಮೈಕ್ ಕೊಟ್ಟರು.

ಎರಡು ಮಾತಿಗೆ ಮುಗಿಸುವ ಕುಲ ನಮ್ಮದಲ್ಲ. "ಬಂಧುಗಳೇ," ಎಂದು ಆರಂಭಿಸಿದೆ, "ವೇಗ ಗಾಡಿಯಲ್ಲಿ ಇರುವುದಿಲ್ಲ, ಮನಸ್ಸಿನಲ್ಲಿ ಇರುತ್ತದೆ. ಇಂದು ನಾನು ಎಂಥ ವೇಗದಲ್ಲಿದ್ದೆನೆಂದರೆ ನನ್ನ ಕಣ್ಣೆದುರು ಕಾಲವೇ ನಿಂತುಹೋಯಿತು! ಇದು ತಪಸ್ಸು. ಎಲ್ಲರಿಗೂ ಒಲಿಯುವಂಥದ್ದಲ್ಲ." ಜನ ಚಪ್ಪಾಳೆ ತಟ್ಟಿದರು. ನಾನು ಉದಾರ ಮನಸ್ಸಿನಿಂದ ಯುನೂಸನನ್ನೂ ಪಕ್ಕಕ್ಕೆ ಕರೆದು ಮೈಕನ್ನು ಅವನ ಬಾಯಿಗೆ ಹಿಡಿದೆ. "ಹೇಳು ಯುನೂಸಭಾಯ್, ಗಾಡಿಗೆ ಏನ ಮಾಡಿದಿ ಎಲ್ಲಾರಿಗೂ ಹೇಳು."

ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಯುನೂಸ ಹೇಳಿಯೇಬಿಟ್ಟ.

"ಏನಿಲ್ರೀ. ಎಕ್ಸಿಲೇಟರ್ ಬುಡಕ ಒಂದ ಬೋಲ್ಟ್ ಹಾಕೇನ್ರಿ. ಅರ್ಧಕ್ಕಿಂತ ಕೆಳಗ ಒತ್ತಾಕ ಬರಂಗಿಲ್ರಿ."

ಬಯಲಿನಲ್ಲಿ ಎದ್ದ ನಗೆ ಆಲಮಟ್ಟಿಯವರೆಗೂ ಕೇಳಿರಬೇಕು. ಧೂಳಪ್ಪನಂತೂ ಧೂಳಿನಲ್ಲೇ ಕುಳಿತುಬಿಟ್ಟ.

"ಬೋಲ್ಟ್? ನಾ ಎಂದ ಹೇಳಿದ್ನಿ ಬೋಲ್ಟ್ ಹಾಕಂತ?" ಮೈಕ್ ಇನ್ನೂ ಕೈಯಲ್ಲಿದೆ ಎಂಬುದೂ ನನಗೆ ಮರೆತಿತ್ತು.

"ನೀವ ಹಗುರ ಅಂದ್ರೆಲ್ರಿ! ಅಕ್ಕಾರೂ ಹಗುರ ಅಂದ್ರು. ಹ್ವಾದ ಸಲ ಟೈರಿಗೆ ಹೊಡದ ಮ್ಯಾಲೆ ಸಾವ್ಕಾರ್ರಿಗೆ ಅಂಜಿಕಿ ಹೊಕ್ಕೈತಿ, ಬಾಯಿ ಬಿಟ್ಟ ಹೇಳಾಕ ನಾಚಗೋತಾರ ಅಂತ ನಾನ ತಿಳಕೊಂಡ್ನಿರಿ."

ಅಯ್ಯೋ ನನ್ನ ಭಾಷೆಯೇ! ನಮ್ಮ ಕಡೆ ಹಗುರ ಎಂದರೆ ತೂಕ ಕಡಿಮೆ ಎಂದೂ ಹೌದು, ನಿಧಾನ ಎಂದೂ ಹೌದು. ನಾನು ಕೇಳಿದ್ದು ಮೊದಲಿನದು, ಸುವರ್ಣಾ ಕೇಳಿದ್ದು ಎರಡನೆಯದು. ಯುನೂಸ ಎರಡೂ ಒಂದೇ ಎಂದು ತಿಳಿದು ಅವಳ ಮಾತು ನಡೆಸಿಕೊಟ್ಟಿದ್ದ.

ಮೈಕ್ ಎಸೆದು ಟೆಂಪೋದ ಹಿಂದೆ ಹೋದೆ. ಸುವರ್ಣಾ ಅಲ್ಲೇ ನಿಂತಿದ್ದಳು.

"ನನ್ನ ಹೆಂಡತಿ ಆಗಿ ನನಗ ಮೋಸ ಮಾಡಿದೆಲ್ಲ ಸುವರ್ಣಾ?"

"ಹೌದ್ರಿ, ಮಾಡೇನಿ," ಎಂದಳು. "ಹ್ವಾದ ಸಲ ನೀವು ಟೈರಿನ್ಯಾಗ ಹೊಕ್ಕಾಗ ಆ ಧೂಳಿನ್ಯಾಗ ನೀವ ಕಾಣಲೇ ಇಲ್ಲ. ನನ್ನ ಜೀವಾ ಬಾಯಿಗೆ ಬಂದಿತ್ತು. ಎಲ್ಲಾರೂ ನಗಾಕತ್ತಿದ್ರು, ನಾ ಒಬ್ಬಾಕಿ ಅಳಾಕತ್ತಿದ್ದೆ. ಗಾಡಿ ಹಗುರ ಹೋದ್ರ ಎರಡ ನಿಮಿಷ ದಾಟ್ತೈತಿ, ಗಾಡಿ ಗುಜರಿಗೆ ಹೋಗ್ತೈತಿ, ನೀವ ಮನಿಗೆ ಬರ್ತೀರಿ ಅಂತ ಲೆಕ್ಕಾ ಹಾಕಿದ್ದೆ. ಕೋನಿನ ಲೆಕ್ಕಾನ ಹಿಡೀಲಿಲ್ಲ ನೋಡ್ರಿ."

ಇಪ್ಪತ್ತು ವರ್ಷದಿಂದ ಗಣಿತ ಕಲಿಸುವವಳ ಕಣ್ಣಲ್ಲಿ ನೀರಿತ್ತು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಆದರೂ ಗಂಡಸಲ್ಲವೇ, ಸೋಲು ಒಪ್ಪುವುದು ಹೇಗೆ? ಬೋಲ್ಟ್ ಬಿಚ್ಚುವ ಪಾನಾ ಹಿಡಿದು ಪಕ್ಕದಲ್ಲೇ ನಿಂತಿದ್ದ ಗಾಡಿಯೊಳಗೆ ತಲೆ ತೂರಿಸಿದೆ.

"ಇರ್ಲಿ ಬಿಡು. ಆ ಬೋಲ್ಟ್ ಅಂತೂ ಈಗಿಂದೀಗ ಕಿತ್ತ ಒಗೀತೇನಿ!"

ಸುವರ್ಣಾ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕೈಯಿಂದ ಪಾನಾ ಕಸಿದುಕೊಂಡಳು.

"ತಗೀಬ್ಯಾಡ್ರಿ ಮಾರಾಯ್ರ. ಒಂದ ಬೋಲ್ಟಿಗೆ ಹದಿನಾಲ್ಕರಿಂದ ಆರಕ್ಕ ಬಂದೀರಿ. ಮುಂದಿನ ಸಲ ಇನ್ನೊಂದ ಹಾಕಸ್ತೇನಿ, ಮೊದಲನೇ ನಂಬರ್ ನಿಮ್ದ!"