ಮೂರು ಕಾಲಿನ ನವಿಲು

ಈ ವರ್ಷದ ಏಪ್ರಿಲ್ ಒಂದನೇ ತಾರೀಖಿನಿಂದ ನವಲಗುಂದದ ಕಸಬುದಾರರ ಕೊಠಡಿ ಹಂಚಿಕೆ ಸಮಿತಿಯು ಅರ್ಜಿಗಳನ್ನು ಓದುವ ಪದ್ಧತಿಯನ್ನು ಕೈಬಿಟ್ಟಿತು. ಓದಲು ಹೊತ್ತು ಹಿಡಿಯುತ್ತದೆ, ಓದಿದ ಮೇಲೂ ಅನುಮಾನ ಉಳಿಯುತ್ತದೆ. ಮುಖವಾದರೆ ಒಂದೇ ನೋಟಕ್ಕೆ ಕೆಲಸ ಮುಗಿಯುತ್ತದೆ. ಇದು ಅಧ್ಯಕ್ಷರಾದ ಸಿದ್ಧಲಿಂಗ ಸಾಹೇಬರು ಎರಡು ದಿನದ ತರಬೇತಿಯಲ್ಲಿ, ಊಟದ ನಂತರದ ಅವಧಿಯಲ್ಲಿ ಕಲಿತುಬಂದ ಸಂಗತಿ. ಮರುದಿನವೇ ಗೋಡೆಗೆ ಪ್ರಕಟಣೆ ಬಿತ್ತು:

“ಅರ್ಜಿದಾರರ ಮುಖವು ವಿಶ್ವಾಸಕ್ಕೆ ಅರ್ಹವಾಗಿರತಕ್ಕದ್ದು. ಕನಿಷ್ಠ ಆರು ಹಲ್ಲು ಕಾಣತಕ್ಕದ್ದು. ಹುಬ್ಬು ಗಂಟಿಕ್ಕಿದವರ ದಾಖಲೆಗಳು ಸರಿಯಿದ್ದರೂ ಸರಿಯಿಲ್ಲವೆಂದೇ ಭಾವಿಸತಕ್ಕದ್ದು.”

ಪೇಚಿಗೆ ಸಿಕ್ಕವಳು ಖಾಸಿಂಬಿ. ನಲವತ್ತು ವರ್ಷದಿಂದ ಜಮಖಾನೆ ನೇಯುವವಳು. ನಕ್ಷೆ ಮುಂದಿಟ್ಟುಕೊಂಡು ನೇಯುವವರ ಪೈಕಿಯಲ್ಲ. ನವಿಲಿನ ಕೊಕ್ಕಿಗೆ ಇಷ್ಟು ಎಳೆ, ಕಾಲಿಗೆ ಇಷ್ಟು ಎಳೆ ಎಂದು ತುಟಿ ಬಿಗಿಹಿಡಿದು, ಹುಬ್ಬು ಗಂಟಿಕ್ಕಿ ಮನಸ್ಸಿನಲ್ಲೇ ಎಣಿಸುವವಳು. ಎಣಿಸಿ ಎಣಿಸಿ ಆ ಗಂಟು ಹಣೆಯಲ್ಲೇ ಮನೆ ಮಾಡಿತ್ತು. ಈಗ ಮಗ್ಗ ನಿಂತಿದ್ದ ಪಡಸಾಲೆಯನ್ನು ಮೈದುನ ತನ್ನ ಮಗನ ಮದುವೆಗಾಗಿ ತೆರವು ಮಾಡು ಎಂದಿದ್ದ. ತಿಂಗಳೊಳಗೆ ಕೊಠಡಿ ಸಿಗದಿದ್ದರೆ ಮಗ್ಗ ಒಲೆಗೆ ಕಟ್ಟಿಗೆಯಾಗುವುದು ಖಚಿತ.

ಸಾಲಿನಲ್ಲಿ ಅವಳ ಮುಂದಿದ್ದ ಸಾಧಿಕ್ ಗೊಬ್ಬರದ ವ್ಯಾಪಾರಿ, ಜನ್ಮದಲ್ಲಿ ಮಗ್ಗ ಮುಟ್ಟಿದವನಲ್ಲ. ಹೊಸದಾಗಿ ಕೂರಿಸಿದ ಹಲ್ಲಿನ ಸೆಟ್ ಬಾಯಿಗಿಂತ ದೊಡ್ಡದಾಗಿ, ತುಟಿ ಮುಚ್ಚಲಾಗದೆ ದಿನವಿಡೀ ನಗುತ್ತಿದ್ದ. ಸಾಹೇಬರು ಹನ್ನೆರಡು ಹಲ್ಲು ಎಣಿಸಿ, ನಿಯಮದಂತೆ ಎರಡು ಕೊಠಡಿ ಮಂಜೂರು ಮಾಡಿದರು. ಗೊಬ್ಬರದ ಚೀಲಗಳು ಅಂದೇ ಒಳಗೆ ಹೋದವು.

ಆಮೇಲೆ ಖಾಸಿಂಬಿಯನ್ನು ನೋಡಿ, “ನಿಮ್ಮ ಮಾರಿ ನೋಡಿದ್ರ ಭರವಸಾ ಹುಟ್ಟವಲ್ತು ಬಿಡ್ರಿ,” ಎಂದರು.

“ಕೈ ನೋಡ್ರಿ ಸಾಹೇಬ್ರ. ನೇಯೂದು ಕೈ, ಮಾರಿ ಅಲ್ಲ.”

“ಕೈ ನೋಡೂ ಖಾತೆ ನಮ್ಮದಲ್ರಿ. ಎಂಟು ದಿನ ಬಿಟ್ಟು ನಕ್ಕೋಂತ ಬರ್ರಿ.”

ಆ ಎಂಟು ದಿನ ತಂಗಿಯ ಮಗಳು ಖುಷ್ಬೂ ಕನ್ನಡಿ ಹಿಡಿದು ನಿಂತಳು. ಅವಳೂ ಖಾಸಿಂಬಿಯ ಹತ್ತಿರವೇ ನೇಯ್ಗೆ ಕಲಿತವಳು, ಹುಬ್ಬಿನ ಗಂಟಿನ ಸಮೇತ.

“ಖಾಲಾ, ಗಲ್ಲ ಎತ್ರಿ. ಇನ್ನೊಂದೀಟು.”

“ನಕ್ಕರ ಎಣಿಕಿ ತಪ್ಪತೈತಿ ಹುಡುಗಿ.”

“ಎಣಿಕಿ ತಪ್ಪಲಿ, ಮಗ್ಗ ಉಳೀತೈತಲ್ಲ.”

ಖಾಸಿಂಬಿ ಆರೂವರೆ ಹಲ್ಲು ತೋರಿಸಿದಳು, ಕೊಠಡಿ ಸಿಕ್ಕಿತು. ಜೊತೆಗೆ ಒಂದು ಷರತ್ತು: ಮಗ್ಗದ ಮೇಲೆ ಕ್ಯಾಮೆರಾ ಇರುತ್ತದೆ, ನಗು ನಿಂತ ದಿನ ಹಂಚಿಕೆ ರದ್ದು. ಅವಳು ನಗುತ್ತ ಎಳೆ ಎಣಿಸಿದಳು. ತಿಂಗಳ ಕೊನೆಗೆ ಜಮಖಾನೆ ಇಳಿಸಿ ನೋಡಿದರೆ ನವಿಲಿಗೆ ಮೂರು ಕಾಲು. ನಲವತ್ತು ವರ್ಷದಲ್ಲಿ ಒಂದೆಳೆ ತಪ್ಪದವಳಿಗೆ ನಾಚಿಕೆಯಾಯಿತು, ಅಳು ಬಂತು. ಕ್ಯಾಮೆರಾ ಇದ್ದದ್ದರಿಂದ ನಕ್ಕಳು.

ತಪಾಸಣೆಗೆ ಬಂದ ಸಾಹೇಬರು ನವಿಲಿನ ಕಡೆ ತಿರುಗಲಿಲ್ಲ, ಅವಳ ಮುಖವನ್ನೇ ನೋಡಿದರು. “ಇಂಥಾ ಮಾರಿಯಾಕಿ ಸುಳ್ಳು ನೇಯಂಗಿಲ್ಲ,” ಎಂದು ಅದನ್ನು ಪ್ರಮಾಣಿತ ನವಿಲು ಎಂದು ಘೋಷಿಸಿ, ತಮ್ಮ ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿಸಿದರು. ಖಾಸಿಂಬಿಯನ್ನು ಸಮಿತಿಯ ತಜ್ಞೆಯನ್ನಾಗಿ ನೇಮಿಸಿದರು. ಉಳಿದ ನೇಕಾರರು ನಗುತ್ತ ಮೂರು ಕಾಲು ನೇಯತೊಡಗಿದರು, ಯಾರಿಗೂ ತೊಂದರೆಯಾಗಲಿಲ್ಲ.

ಉಳಿದಿದ್ದ ಒಂದೇ ಕೊಠಡಿಗೆ ಶ್ರಾವಣದಲ್ಲಿ ಖುಷ್ಬೂ ಅರ್ಜಿ ಹಾಕಿದಳು. ಹುಬ್ಬು ಗಂಟಿಕ್ಕಿಕೊಂಡೇ ಬಂದು, ತಾನು ನೇಯ್ದ ಜಮಖಾನೆಯನ್ನು ಮೇಜಿನ ಮೇಲೆ ಬಿಡಿಸಿದಳು. ಕೊಕ್ಕು, ಗರಿ, ಎರಡು ಕಾಲು. ಒಂದೆಳೆಯೂ ಆಚೀಚೆ ಇರಲಿಲ್ಲ. ತಜ್ಞೆಯ ಕುರ್ಚಿಯಲ್ಲಿ ಕೂತಿದ್ದ ಖಾಸಿಂಬಿಯ ಎದೆ ತುಂಬಿತು.

ಸಾಹೇಬರು ಹುಡುಗಿಯ ಹಣೆಯನ್ನು ನೋಡಿದರು, ನವಿಲನ್ನು ನೋಡಿದರು, ಗೋಡೆಯನ್ನು ನೋಡಿದರು. “ಏನ್ರಿ ತಜ್ಞರ, ಇದರಾಗ ಏನರ ಕಡಿಮಿ ಐತೇನ್ರಿ?”

ಖುಷ್ಬೂ ಅವಳನ್ನೇ ನೋಡುತ್ತಿದ್ದಳು. ಖಾಸಿಂಬಿಯ ಮಗ್ಗ ಸಮಿತಿ ಕೊಟ್ಟ ಕೊಠಡಿಯಲ್ಲಿತ್ತು. ಪಡಸಾಲೆಯಲ್ಲಿ ಮದುಮಕ್ಕಳ ಮಂಚ ಬಿದ್ದಿತ್ತು.

ಖಾಸಿಂಬಿ ಎಂಟು ಹಲ್ಲು ಕಾಣುವಂತೆ ನಕ್ಕಳು. “ಹೌದ್ರಿ ಸಾಹೇಬ್ರ. ಒಂದು ಕಾಲು ಕಡಿಮಿ ಐತ್ರಿ.”