ಎಲ್ಲಿಗೆ ಎಂದು ಕೇಳಿದ ಸರ್ವರ್

"ಪಂಕಜಾ, ಸೌಟು ಎಲ್ಲಿದೆ ಅಂತ ಕೇಳು," ಎಂದರು ನಮ್ಮ ಯಜಮಾನರು, ಅಡುಗೆಮನೆ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತು.

"ಯಾರನ್ನ ಕೇಳ್ಲಿ?"

"ಸುಮ್ನೆ ಗಾಳಿಗೆ ಕೇಳು."

ಗಾಳಿಗೆ ಕೇಳಿದೆ. "ಸೌಟು ಹಿತ್ತಿಲ ತೊಟ್ಟಿಯ ಹತ್ತಿರ ಇದೆ," ಎಂದು ಗೋಡೆಯೊಳಗಿಂದ ಒಂದು ಮೆಲುದನಿ ಹೇಳಿತು. ಮಗು ಮಲಗಿಸುವವರ ದನಿಯಂತಿತ್ತು. ಹೋಗಿ ನೋಡಿದರೆ ಅಲ್ಲೇ ಬಿದ್ದಿತ್ತು. ಬೆಳಿಗ್ಗೆ ಇದೇ ಮಹಾನುಭಾವರು ಅದರಲ್ಲಿ ಗುಲಾಬಿ ಗಿಡಕ್ಕೆ ಗೊಬ್ಬರ ಹಾಕಿದ್ದರು.

ನಮ್ಮ ಯಜಮಾನರು ಮುರಿಗೆಪ್ಪ, ಅರಸೀಕೆರೆಯಲ್ಲಿ ಟೆಲಿಫೋನ್ ಕೆಲಸದಲ್ಲಿದ್ದು ಅವಧಿಗೆ ಮುನ್ನವೇ ಸ್ವಯಂನಿವೃತ್ತಿ ಪಡೆದವರು. ಅಂದಿನಿಂದ ವರ್ಷಕ್ಕೊಂದು ಯಂತ್ರ ಮಾಡಿ ನನ್ನ ಆಯಸ್ಸು ಕಡಿಮೆ ಮಾಡುತ್ತಿದ್ದಾರೆ. ಈ ಸಲದ್ದು ಹುಡುಕುವ ಸರ್ವರ್. ಅಟ್ಟದ ಮೇಲೆ ಕಂಪ್ಯೂಟರ್, ಕೋಣೆಗೊಂದು ಸ್ಪೀಕರ್, ಉಡುವ ಬಟ್ಟೆಯಿಂದ ಹಿಡಿದು ಮನೆಯ ಸಾಮಾನಿಗೆಲ್ಲ, ಎಲ್ಲಿದೆ ಎಂದು ಅಟ್ಟಕ್ಕೆ ಸುಳಿವು ಕೊಡುವ ಕಡಲೆಬೇಳೆ ಗಾತ್ರದ ಗುಂಡಿಗಳು.

"ಇದು ಸರ್ವೀಸು ಕಣೇ. ನಾವು ಆನ್ ಮಾಡೋ ಹಂಗೇ ಇಲ್ಲ, ಹಿನ್ನೆಲೇಲಿ ತಾನಾಗೇ ಓಡ್ತಿರುತ್ತೆ. ಕರೆಂಟ್ ಹೋಗಿ ಬಂದ್ರೆ ತಾನೇ ಎದ್ದೇಳುತ್ತೆ. ಯಾರಾದ್ರೂ ನಿಲ್ಲಿಸಿದ್ರೂ ಹತ್ತು ಸೆಕೆಂಡಿಗೆ ಮತ್ತೆ ಶುರು."

"ಥೇಟ್ ನಿಮ್ಮ ಮಾತಿನ ಹಂಗೆ," ಎಂದೆ.

ಸುಳ್ಳು ಯಾಕೆ ಹೇಳಲಿ, ಮೊದಲ ವಾರ ನನಗೂ ಹಿತವಾಗಿಯೇ ಇತ್ತು. ಮಧ್ಯಾಹ್ನ ಅಟ್ಟದಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು. ಅರೆನಿದ್ದೆಯಲ್ಲಿ ಬಾಚಣಿಗೆ ಎಲ್ಲಿ ಎಂದು ಗೊಣಗಿದರೆ ಅರೆನಿದ್ದೆಯಲ್ಲೇ ಉತ್ತರ. ಮನೆಯೇ ತೂಕಡಿಸುತ್ತಾ ಮಾತಾಡಿದ ಹಾಗೆ. ಅಕ್ಕಿ ಡಬ್ಬದಲ್ಲಿ ನಾನು ಬಚ್ಚಿಟ್ಟಿದ್ದ ಕೊಬ್ಬರಿ ಮಿಠಾಯಿಯನ್ನೂ ಅದು ಅಷ್ಟೇ ಮಧುರವಾಗಿ ಎಲ್ಲರೆದುರು ಸಾರಿತು ಎನ್ನುವುದೊಂದು ಬೇಸರ.

ಆದರೆ ಮನೆ ದಾಟಿ ಹೋದದ್ದು ಅದಕ್ಕೆ ಸಿಗುತ್ತಿರಲಿಲ್ಲ. ಯಜಮಾನರು ಎಲ್ಲೋ ಬಿಟ್ಟು ಬಂದ ಕೊಡೆ ಎಲ್ಲಿ ಎಂದರೆ "ಗೊತ್ತಿಲ್ಲ" ಎಂದುಬಿಟ್ಟಿತು. ಯಜಮಾನರಿಗೆ ಅವಮಾನವಾಗಿ, ಹೊಸಿಲು ದಾಟುವವರನ್ನು ಮೊದಲೇ "ಎಲ್ಲಿಗೆ?" ಎಂದು ಕೇಳಿಟ್ಟುಕೊಳ್ಳುವಂತೆ ಮಾಡಿದರು. ಉತ್ತರ ಹೊರಡುವವರ ಬಾಯಿಂದಲೇ ಬರಬೇಕು. ಅಲ್ಲಿಯವರೆಗೂ ಅದು ಕೇಳುತ್ತಲೇ ಇರುತ್ತದೆ.

ಓದಿದ ಮನುಷ್ಯ, ಇಡೀ ಬೀದಿಗೆ ಗೊತ್ತಿರುವುದನ್ನು ಮರೆತರು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹೆಚ್ಚೆಂದರೆ "ದೂರ ಹೊರಟ್ರಾ?" ಎನ್ನಬೇಕು. ತಪ್ಪಿ ಕೇಳಿಬಿಟ್ಟರೆ ಹೊರಟವರು ಒಳಗೆ ಬಂದು ಕೂತು, ನೀರು ಕುಡಿದು ಮತ್ತೆ ಹೊರಡಬೇಕು.

ಅವತ್ತೇ ನಮ್ಮತ್ತೆ ಹಾಲಮ್ಮ ಕಡಲು ನೋಡಲು ಹೊರಟಿದ್ದರು. ಎಪ್ಪತ್ತೊಂದು ವಯಸ್ಸು, ಇಲ್ಲಿಯವರೆಗೂ ಕಡಲು ಕಂಡವರಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಹೊರಟಿದ್ದರಂತೆ. ಗೇಟಿನಲ್ಲಿ ಯಾರೋ ಎಲ್ಲಿಗೆ ಎಂದರಂತೆ. ಮಾವನವರು ಬಾಯ್ತಪ್ಪಿ ಉತ್ತರವನ್ನೂ ಹೇಳಿ, ಶಕುನ ಕೆಟ್ಟಿತೆಂದು ಪ್ರಯಾಣವನ್ನೇ ರದ್ದು ಮಾಡಿದರಂತೆ. ಈಗ ಅತ್ತೆಯ ತಂಗಿ ಗೌರವ್ವ ಮಂಗಳೂರಿನ ರೈಲಿಗೆ ತಿಪಟೂರಲ್ಲಿ ಹತ್ತಿ, ಅಕ್ಕನಿಗೆ ಕಿಟಕಿ ಪಕ್ಕದ ಜಾಗ ಹಿಡಿದುಕೊಂಡು ಬರುತ್ತಿದ್ದರು. "ತಿಪಟೂರು ಬಿಡ್ತು ಕಣಕ್ಕಾ," ಎಂದು ಫೋನ್ ಬಂತು. ಅರ್ಧ ಗಂಟೆಯೂ ಇರಲಿಲ್ಲ.

ಅತ್ತೆ ಹಸಿರು ಸೀರೆ ಉಟ್ಟು, ವಿಭೂತಿ ಇಟ್ಟು, ಹೊಸಿಲ ಮೇಲೆ ಬಲಗಾಲು ಇಟ್ಟರು.

"ಹಾಲಮ್ಮ, ಎಲ್ಲಿಗೆ?" ಎಂದಿತು ಗೋಡೆ.

ಅತ್ತೆ ಕಾಲು ಹಿಂತೆಗೆದರು. "ಆಗ್ಲಿ ಬಿಡವ್ವ, ನೀರು ಕೊಡು."

ಒಂದು ಲೋಟ ಕುಡಿದು ಎದ್ದರು. ಮತ್ತೆ "ಎಲ್ಲಿಗೆ?" ಸೆರಗಿನ ಗುಂಡಿ ಕಿತ್ತು ಬಿಸಾಡಿದೆ. "ಹಾಲಮ್ಮನ ಚೀಲ, ಎಲ್ಲಿಗೆ?" ಚೀಲದ್ದನ್ನೂ ಕಿತ್ತರೆ ಕನ್ನಡಕ, ಅದಾದ ಮೇಲೆ ಎಡಗಾಲಿನ ಚಪ್ಪಲಿ. ನೀರಿನ ಲೋಟ ನಾಲ್ಕಾಯಿತು.

"ಹೇಳ್ಬಿಡವ್ವ ಮಂಗ್ಳೂರಿಗೆ ಅಂತ," ಎಂದರು ಯಜಮಾನರು.

"ಹೇಳುದ್ರೆ ಹೋದ ಹಂಗೇ! ಹೋದ್ಸಲ ನಿಮ್ಮಪ್ಪ ಹೇಳಿದ್ದಕ್ಕೇ ಕೆಟ್ಟಿದ್ದು."

"ರೀ, ಆ ದರಿದ್ರ ನಿಲ್ಸಿ ಮೊದ್ಲು," ಎಂದು ನಾನು ಕೂಗಿದೆ.

ಅವರು ಅಟ್ಟ ಹತ್ತಿದರು. "ನಿಲ್ಲಿಸ್ದೆ! ಹತ್ತು ಸೆಕೆಂಡ್ ಅಷ್ಟೇ, ದಾಟವ್ವ! ಒಂದು, ಎರಡು..." ಅತ್ತೆ ದೇವರ ಕೋಣೆಯತ್ತ ತಿರುಗಿ ಕೈಮುಗಿದರು. ಆರಕ್ಕೆ ಚಪ್ಪಲಿ ಮೆಟ್ಟಿದರು. ಒಂಬತ್ತಕ್ಕೆ ಕಾಲೆತ್ತಿದರು.

"ಹಾಲಮ್ಮನ ಕೊಡೆ, ಎಲ್ಲಿಗೆ?"

ಐದನೆಯ ಲೋಟ ಹಿಡಿದು ಅತ್ತೆ ಜಗಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು. ನನಗೆ ಅಳು ಬರುವಂತಾಯಿತು. ಬಿಸಿಲು ಅಂಗಳದಲ್ಲಿ ಅಲ್ಲಾಡದೆ ಬಿದ್ದಿತ್ತು. ಅಟ್ಟದ ಗುಂಯ್ ಸದ್ದು ದೂರದಲ್ಲಿ ಎಲ್ಲೋ ನೀರು ಹರಿದಂತೆ ಕೇಳುತ್ತಿತ್ತು. ಅತ್ತೆ ನಿದ್ದೆ ಹೋದರೇನೋ ಎಂದುಕೊಂಡೆ.

"ಎಲ್ಲಿಗೆ?" ಎಂದು ಅದು ಇನ್ನೊಮ್ಮೆ ಕೇಳಿತು, ಸ್ವಲ್ಪವೂ ಬೇಸರವಿಲ್ಲದೆ.

"ಪಂಕಜ," ಎಂದರು ಅತ್ತೆ ಕಣ್ಣು ಬಿಡದೆ. "ಐವತ್ತೈದು ವರ್ಷದಿಂದ ಈ ಮನೇಲಿ ಇದೀನಿ. ನಿಂಗೆ ಎಲ್ಲಿಗೆ ಹೋಗಾಸೆ ಅಂತ ಒಬ್ರೂ ಕೇಳ್ಲಿಲ್ಲ ಕಣವ್ವ. ಇದೊಂದು ಬಿಡದಂಗೆ ಕೇಳ್ತಾ ಐತೆ, ಪಾಪ."

ಎದ್ದು ಹೊಸಿಲ ಬಳಿ ಹೋದರು. ಗೋಡೆಗೆ ಮುಖ ತಂದು, "ಕಡಲಿಗೆ ಕಣಪ್ಪ," ಎಂದರು.

"ಹೋಗಿ ಬನ್ನಿ," ಎಂದಿತು ಸರ್ವರ್.

ಯಜಮಾನರು ಸ್ಕೂಟರ್ ತೆಗೆದರು. "ಸ್ಕೂಟರ್, ಎಲ್ಲಿಗೆ?" "ಸ್ಟೇಷನ್ನಿಗೆ ಕಣಯ್ಯಾ!" ಎಂದು ಅರಚುತ್ತಾ ಅವರು ಅವ್ವನನ್ನು ಕೂರಿಸಿಕೊಂಡು ಹೋದದ್ದನ್ನು ಬೀದಿಯೆಲ್ಲ ನೋಡಿತು. ರೈಲು ಸಿಕ್ಕಿತು.

ಕಡಲು ಎನ್ನುವುದು ಸರ್ವರಿನ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ಪತ್ತೆ ಮಾಡಲೇಬೇಕೆಂದು ಹಟಕ್ಕೆ ಬಿದ್ದು, ರಾತ್ರಿ ಹಗಲು "ಹುಡುಕುತ್ತಿದ್ದೇನೆ, ಹುಡುಕುತ್ತಿದ್ದೇನೆ" ಎಂದು ಪಿಸುಗುಟ್ಟಿತು. ಮರುದಿನ ಸಂಜೆ ಅತ್ತೆಯ ಫೋನ್ ಬಂತು. ಮೊಣಕಾಲುದ್ದ ನೀರಲ್ಲಿ ನಿಂತಿದ್ದೇನೆ ಎಂದರು. ಫೋನನ್ನು ಅಲೆಯತ್ತ ಹಿಡಿದರು. ಯಜಮಾನರು ತಮ್ಮ ಫೋನಿಗೂ ಅಟ್ಟಕ್ಕೂ ಸಂಪರ್ಕ ಕೊಟ್ಟಿದ್ದರು, ಸರ್ವರ್ ಆ ಸದ್ದನ್ನು ಗಬಕ್ಕನೆ ಹಿಡಿದುಕೊಂಡಿತು.

ಅಂದಿನಿಂದ ನಮ್ಮನೆಯ ಸ್ಪೀಕರುಗಳಲ್ಲೆಲ್ಲ ಅಲೆಗಳು. ನಿಲ್ಲಿಸಿದರೆ ಹತ್ತು ಸೆಕೆಂಡಿಗೆ ಮತ್ತೆ ಬರುತ್ತವೆ. ಯಜಮಾನರು ನಡುಮನೆ ದಾಟುವಾಗ ಗೊತ್ತಿಲ್ಲದೆಯೇ ಪಂಚೆ ಎತ್ತಿಕೊಳ್ಳುತ್ತಾರೆ. ಅತ್ತೆ ವಾಪಸು ಬಂದು, ದಿನಾ ಸಂಜೆ ಜಗಲಿಯಲ್ಲಿ ಕಾಲು ಚಾಚಿ, ಕಣ್ಣು ಮುಚ್ಚಿ ಕೂರುತ್ತಾರೆ.

ಏನು ಎಲ್ಲಿದೆ ಎಂದು ಕೇಳಿದರೂ ಈಗ ಅದರ ಉತ್ತರ ಒಂದೇ, ಒಂದು ದೊಡ್ಡ ಅಲೆ. ಸೌಟು ಕಳೆದು ಹದಿನೈದು ದಿನವಾಯಿತು. ಸಾರನ್ನು ಲೋಟದಲ್ಲೇ ಬಡಿಸುತ್ತಿದ್ದೇನೆ.